ಎಡಗಡೆಯ ನಾಲ್ಕು ಇಂಚು

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲ್ಲೂಕು ಸೇರಿಸಿ ಜರಡಿ ಹಿಡಿದರೂ ಕಾರಿನ ಚಾಸಿಯನ್ನು ನನ್ನಷ್ಟು ಅರೆದು ಕುಡಿದವನು ಇನ್ನೊಬ್ಬ ಸಿಗಲಾರ ಎಂದು ಕಳೆದ ಏಪ್ರಿಲ್‌ನಲ್ಲಿ ನಾನು ಘೋಷಿಸಿದೆ. ಘೋಷಣೆ ಆದದ್ದು ನಮ್ಮ ಅಡುಗೆಮನೆಯಲ್ಲಿ. ಸಭೆಯಲ್ಲಿ ಇದ್ದವಳು ಒಬ್ಬಳೇ, ನನ್ನ ಹೆಂಡತಿ ಸಂಘಮಿತ್ರಾ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಪರಶು ಅರ್ಧಕ್ಕ ಬಿಟ್ಟುಹೋದ ಕಾರು ನಾ ಪೂರ್ತಿ ಮಾಡ್ತೇನಿ! ಸೌಂದರ್ಯಾ ತವರುಮನಿಯಿಂದ ತಿರುಗಿ ಬರೂದ್ರಾಗ ಅದು ಓಡಬೇಕು!"

"ನಿಮಗ ಸೈಕಲ್ ಚೈನ್ ಬಿದ್ರ ಹಾಕಾಕ ಬರೂದಿಲ್ಲ."

"ಹತ್ತೊಂಬತ್ತ ವರ್ಷ ಐಟಿಐದಾಗ ಡ್ರಾಯಿಂಗ್ ಕಲಿಸೇನಿ ನಾ!"

"ಅದಕ್ಕ ಹೇಳಿದೆ. ಹಾಳಿ ಮ್ಯಾಲಿನ ಕಾರು ಹಾಳಿ ಮ್ಯಾಲ ಅಷ್ಟ ಓಡತೈತಿ."

ಹೈಸ್ಕೂಲಿನ ಗಣಿತದ ಶಿಕ್ಷಕಿಯನ್ನು ಮದುವೆಯಾದವರಿಗೆ ಇಂಥ ಉತ್ತರಗಳು ಹೊಸವಲ್ಲ. ನಾನು ಎದೆ ಉಬ್ಬಿಸಿಕೊಂಡೇ ಹೊರಗೆ ಬಂದೆ. ಎದೆ ಉಬ್ಬಿಸಿದ್ದು ಯಾರಿಗೂ ಗೊತ್ತಾಗಲಿಕ್ಕಿಲ್ಲ, ಏಕೆಂದರೆ ನನ್ನ ದೇಹದಲ್ಲಿ ಉಬ್ಬದೆ ಉಳಿದ ಭಾಗವೇ ಕಡಿಮೆ. ನೂರಾ ಎಂಟು ಕಿಲೋ!

ಪರಶು ನನ್ನ ತಮ್ಮ. ಎಂಟನೇ ಇಯತ್ತೆಗೇ ಶಾಲೆ ಬಿಟ್ಟವನು. ಆಲಮೇಲ ರಸ್ತೆಯಲ್ಲಿ ಒಂದು ಶೆಡ್ ಹಾಕಿಕೊಂಡು ಕಬ್ಬಿನ ಟ್ರೇಲರ್, ಗೇಟು, ಕಿಟಕಿ ವೆಲ್ಡಿಂಗ್ ಮಾಡುತ್ತಿದ್ದ. ಜನವರಿಯ ಒಂದು ಮಧ್ಯಾಹ್ನ "ಎದಿ ಹಿಡದಂಗ ಆಗಾಕತ್ತೇತಿ" ಎಂದು ಶೆಡ್ಡಿನ ಸ್ಟೂಲಿನ ಮೇಲೆ ಕುಳಿತವನು ಮತ್ತೆ ಏಳಲಿಲ್ಲ. ಮೂವತ್ತೆಂಟು ವರ್ಷ. ನಗಿಸಲು ಕೂತವನು ಇಂಥದ್ದನ್ನು ಇಷ್ಟು ಬೇಗ ಹೇಳಬಾರದು, ಗೊತ್ತು. ಆದರೆ ಹೇಳದಿದ್ದರೆ ಮುಂದೆ ನಾನು ಮಾಡಿದ ಘನಕಾರ್ಯದ ಘನತೆ ನಿಮಗೆ ತಿಳಿಯುವುದಿಲ್ಲ.

ಅವನಿಗೊಂದು ಹುಚ್ಚಿತ್ತು. ಪುಣೆ ಕಡೆಯ ಒಂದು ಸಣ್ಣ ಕಂಪನಿ ಮನೆಯಲ್ಲೇ ಜೋಡಿಸಿಕೊಳ್ಳುವ ಹಗುರ ಸ್ಪೋರ್ಟ್ಸ್ ಕಾರೊಂದರ ನಕ್ಷೆಗಳನ್ನೂ ಬಿಡಿಭಾಗಗಳನ್ನೂ ಮಾರುತ್ತದೆ. ಕಾರಿಗೆ ಬಾಗಿಲಿಲ್ಲ, ಛಾವಣಿ ಇಲ್ಲ. ಎರಡೇ ಸೀಟು, ಉದ್ದ ಮೂತಿ, ನೆಲಕ್ಕೆ ಹೊಟ್ಟೆ ತಾಗುವಷ್ಟು ಕೆಳಗೆ. ಪರಶು ಅದಕ್ಕೆ 'ಚಿಗರಿ' ಎಂದು ಹೆಸರಿಟ್ಟಿದ್ದ. ನಕ್ಷೆ ತರಿಸಿ, ಚಾಸಿಯನ್ನು, ಅಂದರೆ ಕಾರಿನ ಎಲುಬಿನ ಗೂಡನ್ನು, ಒಂದಿಂಚಿನ ಚೌಕ ಪೈಪುಗಳಿಂದ ತಾನೇ ಬೆಸೆದಿದ್ದ. ಹಳೆಯ ಓಮ್ನಿ ವ್ಯಾನಿನ ಎಂಜಿನ್ ಕೂಡಿಸುವುದಾಗಿ ಅವನ ಗೆಳೆಯ, ಗ್ಯಾರೇಜಿನ ಜುಲ್ಫಿಕರ ಮಾತು ಕೊಟ್ಟಿದ್ದ. ಇಂಥ ಕಾರಿಗೆ ಆರ್‌ಟಿಓದವರು ನಂಬರು ಕೊಡುವುದಿಲ್ಲ ಎಂದು ಪರಶುವಿಗೂ ಗೊತ್ತಿತ್ತು. "ರಸ್ತೆದಾಗ ಯಾರಿಗೆ ಓಡಸೂದೈತಿ ಅಣ್ಣಾ? ಬೈಲಾಗ ನಾಕ ಸುತ್ತ ಹೊಡದ್ರ ಸಾಕು" ಎನ್ನುತ್ತಿದ್ದ.

ಪ್ರತಿ ವಾರ ಫೋನು ಮಾಡುತ್ತಿದ್ದ. "ಅಣ್ಣಾ, ಐತವಾರ ಶೆಡ್ಡಿಗೆ ಬಾರೋ. ಒಮ್ಮೆ ಕುಂತ ನೋಡು."

"ಕಾರ್ ಆಗಲಿ, ಆಮ್ಯಾಲ ಕೂಡ್ತೇನಿ" ಎಂದು ನಾನು ಹೇಳುತ್ತಿದ್ದೆ. ಎರಡು ವರ್ಷದಲ್ಲಿ ಅವನ ಶೆಡ್ಡಿಗೆ ನಾನು ಹೋದದ್ದು ಒಂದೇ ಬಾರಿ. ಅದು ಜನವರಿಯಲ್ಲಿ.

ಅವನ ಹೆಂಡತಿ ಸೌಂದರ್ಯಾ ಆಲಮೇಲದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಬೇಸಿಗೆ ರಜೆಗೆ ತವರುಮನೆ ಮುದ್ದೇಬಿಹಾಳಕ್ಕೆ ಹೊರಟಳು. "ಶೆಡ್ ಕಸ ಹೊಡಸ್ತೇನಿ" ಎಂದು ಸುಳ್ಳು ಹೇಳಿ ಬೀಗದ ಕೈ ಇಸಿದುಕೊಂಡೆ. ಮರುದಿನವೇ ಚಾಸಿ ನಮ್ಮ ಮನೆಯಂಗಳಕ್ಕೆ ಬಂತು. ಇಬ್ಬರು ಹಮಾಲರು ಹೂವಿನ ಬುಟ್ಟಿಯಂತೆ ಎತ್ತಿ ತಂದಿಟ್ಟರು. ತೂಕ ಅರವತ್ತೈದು ಕಿಲೋ, ನನಗಿಂತ ನಲವತ್ತಮೂರು ಕಿಲೋ ಹಗುರ!

ಇನ್ನು ಅಂಗಳದಲ್ಲಿ ಸಂಸಾರ ಹೇಗೆ ನಡೆಯಬೇಕು? ಸಂಘಮಿತ್ರಾ ಮೊದಲ ದಿನ ದಾಟಿಕೊಂಡು ಹೋದಳು. ಎರಡನೆಯ ದಿನ ಎಡವಿದಳು. ಮೂರನೆಯ ದಿನದಿಂದ ಅದರ ಹಿಂದಿನ ಕಮಾನಿನ ಮೇಲೆ ನನ್ನ ಬನಿಯನ್ನು, ಮುಂದಿನ ಪೈಪುಗಳ ಮೇಲೆ ಮೊರದಲ್ಲಿ ಕೆಂಪು ಮೆಣಸಿನಕಾಯಿ ಒಣಗತೊಡಗಿದವು.

"ಮುಂಜಾನಿಂದ ಚಾಸಿ ಚಾಸಿ ಅನಕೋತ ಚಾ ಕುಡಿಯೂದೂ ಮರತ್ರಿ. ನಿಮಗ ಚಾ ಸಾಕೋ, ಚಾಸಿ ಬೇಕೋ?"

"ಚಾ ಆರಿದ್ರ ಕಾಸಬಹುದು. ಚಾಸಿ ತಪ್ಪಿದ್ರ ಮುಗೀತು!" ಎಂದೆ. ಆ ಮಾತು ಎಷ್ಟು ನಿಜವೆಂದು ಆಗ ನನಗೇ ಗೊತ್ತಿರಲಿಲ್ಲ.

ಮೈ ತರಿಸಲು ಪುಣೆಗೆ ಫೋನು ಮಾಡಿದೆ. ಕಾರಿನ ಮೈ ಎಂದರೆ ಮೇಲಿನ ತಗಡು, ಫೈಬರಿನ ಮೂತಿ, ಗಾಲಿಗಳ ಮೇಲಿನ ರೆಕ್ಕೆ. ಅಲ್ಲಿಯ ಹೆಣ್ಣುಮಗಳು ಹಿಂದಿಯಲ್ಲಿ ಕೇಳಿದಳು: "ನಿಮ್ಮ ಹತ್ತಿರ ಯಾವ ನಮೂನೆಯ ಚಾಸಿ ಇದೆ ಸರ್? ಒಂದನೆಯದೋ, ಎರಡನೆಯದೋ, ಮೂರನೆಯದೋ? ಸರಿಯಾಗಿ ನೋಡಿ ಹೇಳಿ. ಒಂದರ ಮೈ ಇನ್ನೊಂದಕ್ಕೆ ಕೂಡುವುದಿಲ್ಲ."

ಡ್ರಾಯಿಂಗ್ ಮಾಸ್ತರನಿಗೆ ಅಳತೆಯ ಪಾಠ! ಸಿಟ್ಟು ಬಂದರೂ ನುಂಗಿಕೊಂಡು ಒಂದು ವಾರ ಆ ಮೂರೂ ನಮೂನೆಗಳ ತಪಸ್ಸು ಮಾಡಿದೆ. ಒಂದನೆಯದು ಕಡ್ಡಿ ಪೈಲ್ವಾನರಿಗೆ: ಒಳಗಿನ ಅಗಲ ನಲವತ್ತೆರಡು ಇಂಚು. ನಡುವೆ ಆರು ಇಂಚಿನ ಗಿಯರ್ ಪೆಟ್ಟಿಗೆಯ ಕಾಲುವೆ, ಅತ್ತಿತ್ತ ಹದಿನೆಂಟು ಹದಿನೆಂಟು ಇಂಚಿನ ಸೀಟು. ಹಿಂದಿನ ಎರಡೂ ಗಾಲಿಗೆ ಓಮ್ನಿಯದೇ ಒಂದು ಅಡ್ಡ ಆಕ್ಸಲ್. ಎರಡನೆಯದು ಉಂಡು ಬೆಳೆದವರಿಗೆ: ನಾಲ್ಕು ಇಂಚು ಹೆಚ್ಚು ಅಗಲ, ಮೂರು ಇಂಚು ಹೆಚ್ಚು ಉದ್ದ, ಒಂದೊಂದು ಸೀಟು ಇಪ್ಪತ್ತು ಇಂಚು. ಮೂರನೆಯದು ಎತ್ತರದವರಿಗೆ: ಅಗಲ ಎರಡನೆಯದರಷ್ಟೇ, ಆದರೆ ಸೀಟಿನ ಕೆಳಗಿನ ತಳ ಎರಡು ಇಂಚು ತಗ್ಗು, ಹಿಂದಿನ ಗಾಲಿಗಳಿಗೆ ಬೇರೆ ಬೇರೆ ಸ್ಪ್ರಿಂಗು. ಮೂತಿ ಮಾತ್ರ ಮೂರಕ್ಕೂ ಒಂದೇ. ಅದಕ್ಕೇ ಮುಂದಿನಿಂದ ನೋಡಿದವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ!

ಇಷ್ಟು ವಿದ್ಯೆ ತಲೆಗೇರಿಸಿಕೊಂಡು ಟೇಪು ಹಿಡಿದೆ. ಒಟ್ಟು ಅಗಲ ನಲವತ್ತಾರು. ಆಹಾ, ಎರಡನೆಯ ನಮೂನೆ! ಉದ್ದ ಹಿಡಿದೆ. ಒಂದನೆಯ ನಮೂನೆ! ಬಲಗಡೆ ಸೀಟು ಹಿಡಿದೆ. ಹದಿನೆಂಟು, ಅದೂ ಒಂದನೆಯದು. ಎಡಗಡೆ ಹಿಡಿದೆ. ಇಪ್ಪತ್ತೆರಡು! ಇಪ್ಪತ್ತೆರಡು ಇಂಚಿನ ಸೀಟು ಯಾವ ನಮೂನೆಯಲ್ಲೂ ಇಲ್ಲ. ಎಡಗಡೆಯ ಪೈಪಿನ ಮೇಲೆ ಬಿಳಿ ಬಣ್ಣದಲ್ಲಿ 'ಅ' ಎಂದು ಬರೆದಿತ್ತು. ನಕ್ಷೆಯ ಬಿಂದು 'ಅ' ಇರಬೇಕೆಂದು ತಿಳಿದು ಬಿಂದು 'ಬ', ಬಿಂದು 'ಕ' ಹುಡುಕುತ್ತ ಅಂಗಳದಲ್ಲಿ ಮಂಡಿಯೂರಿ ಅರ್ಧ ದಿನ ಕಳೆದೆ. ಸಿಗಲಿಲ್ಲ.

ಆಗ ನನಗೆ ಜ್ಞಾನೋದಯವಾಯಿತು. ಪಾಪ, ಪರಶುವಿನ ಅಳತೆ ತಪ್ಪಿದೆ! ಎಂಟನೇ ಇಯತ್ತೆ, ಅವನಾದರೂ ಏನು ಮಾಡಿಯಾನು? ತಮ್ಮನ ತಪ್ಪನ್ನು ಅಣ್ಣನಲ್ಲದೆ ಇನ್ನಾರು ತಿದ್ದಬೇಕು? ಎಡಗಡೆಯ ನಾಲ್ಕು ಇಂಚು ಕತ್ತರಿಸಿ ಒಗೆದರೆ ಅಚ್ಚುಕಟ್ಟಾದ ಒಂದನೆಯ ನಮೂನೆ. ಅದೇ ನಮೂನೆಯ ಮೈ ಕಳಿಸಲು ಪುಣೆಗೆ ಹೇಳಿಯೇಬಿಟ್ಟೆ.

"ಒಂದ ಮಾತು ಸೌಂದರ್ಯಾಗ ಕೇಳ್ರಿ" ಎಂದಳು ಸಂಘಮಿತ್ರಾ. "ಅಳತಿ ಹಿಡಿಯುವಾಗ ಟೇಪಿನ ಇನ್ನೊಂದು ತುದಿ ಅಕಿ ಹಿಡಿತಿದ್ಲು."

"ಕೇಳಿದ್ರ ಆಶ್ಚರ್ಯ ಏನ ಉಳೀತು? ಅಕಿ ಬಂದು ನೋಡಿ ಬಾಯಿ ಮ್ಯಾಲ ಕೈ ಇಟ್ಕೋಬೇಕು!"

ಗ್ರೈಂಡರ್ ತರಲು ಜುಲ್ಫಿಕರನ ಗ್ಯಾರೇಜಿಗೆ ಹೋದೆ. ವಿಷಯ ಕೇಳಿ ಅವನು ಕೈ ಒರೆಸಿಕೊಂಡ.

"ಗ್ರೈಂಡರ್ ಒಯ್ರಿ ಮಾಸ್ತರ. ಆದ್ರ ನಾ ಬರೂದಿಲ್ಲ. ಪರಶ್ಯಾ ಮಾಡಿದ ವೆಲ್ಡಿಂಗ್ ಮ್ಯಾಲ ನಾ ಕೈ ಹಚ್ಚೂದಿಲ್ಲ."

"ಅಂವನ ಅಳತಿ ತಪ್ಪೇತೋ ಮಾರಾಯಾ!"

"ಹದಿನೈದ ವರ್ಷ ಅಂವನ ಕೂಡ ಕೆಲಸ ಮಾಡೇನ್ರಿ. ಅಂವಂದು ತಪ್ಪಿದ್ದು ನಾ ನೋಡಿಲ್ಲ." ಗ್ರೈಂಡರ್ ತಂದು ನನ್ನ ಕೈಗಿಟ್ಟು ಅಂದ: "ಎಂಜಿನ್ ಮಾತ್ರ ಕೂಡಸ್ತೇನಿ. ಮಾತ ಕೊಟ್ಟೇನಿ ಅಂವಗ."

ಕತ್ತರಿಸುವ ಕೆಲಸ ನನ್ನ ಪಾಲಿಗೇ ಬಂತು. ಐಟಿಐದಲ್ಲಿ ಗ್ರೈಂಡರಿನ ಚಿತ್ರವನ್ನು ಮೂರು ದಿಕ್ಕಿನಿಂದಲೂ ತೆಗೆಸಿದ್ದೇನೆ. ಗುಂಡಿ ಒತ್ತಿದ್ದು ಅದೇ ಮೊದಲು. ಅದು ಕೈಯಿಂದ ಜಿಗಿದು ಅಂಗಳದ ನೀರಿನ ಡ್ರಮ್ಮಿನ ನಳ ಕತ್ತರಿಸಿತು. ನೀರು ಮೊರದಿಂದ ಚೆಲ್ಲಿದ ಮೆಣಸಿನಕಾಯಿಯನ್ನು ತೇಲಿಸಿಕೊಂಡು ಓಣಿಗೆ ಹರಿಯಿತು. ಕಿಡಿ ಹಾರಿ ತಂತಿಯ ಮೇಲಿದ್ದ ಸಂಘಮಿತ್ರಾಳ ಹೊಸ ಸೀರೆಗೆ ಹದಿನಾಲ್ಕು ತೂತು ಬಿದ್ದವು. ಹದಿನಾಲ್ಕೆಂದು ಎಣಿಸಿ ಹೇಳಿದವಳು ಅವಳೇ, ಗಣಿತದವಳಲ್ಲವೇ! ಇನ್ನೊಂದು ಕಿಡಿ ನನ್ನ ಲುಂಗಿಗೆ. ಡ್ರಮ್ಮಿನಲ್ಲಿ ನೀರು ಉಳಿದಿದ್ದರೆ ಒಂದು ಚೆಂಬು ಸುರಿದುಕೊಳ್ಳಬಹುದಿತ್ತು. ಕೊನೆಗೆ ಮೀಟರು ಪೆಟ್ಟಿಗೆಯಲ್ಲಿ ಪಟ್ ಎಂದು ಶಬ್ದ ಬಂದು ಇಡೀ ಓಣಿಯ ಕರೆಂಟು ಹೋಯಿತು. ಮಧ್ಯಾಹ್ನದ ಧಾರಾವಾಹಿ ನೋಡುತ್ತಿದ್ದ ಎಂಟು ಮನೆಯ ಹೆಂಗಸರು ಬಾಗಿಲಿಗೆ ಬಂದು ನನ್ನನ್ನು ಹುಡುಕಿದರು. ನಾನು ಚಾಸಿಯ ಹಿಂದೆ ಅಡಗಿದ್ದೆ. ಆದರೆ ಚಾಸಿ ಎಂದರೆ ಬರೀ ಪೈಪು. ಅದರ ಹಿಂದೆ ನನ್ನಂಥವನು ಅಡಗುವುದುಂಟೆ?

ಆದರೂ ನಾಲ್ಕು ದಿನದಲ್ಲಿ ಕತ್ತರಿಸಿದೆ. ಒಂದು ಬೆಸುಗೆ ಮಾತ್ರ ಬಹಳ ಸತಾಯಿಸಿತು. ಗ್ರೈಂಡರಿನ ಎರಡು ಚಕ್ರ ಸವೆದರೂ ಬಿಡಲೊಲ್ಲದು. "ಇಷ್ಟ ಗಟ್ಟಿ ಯಾಕ ಬೆಸದಿಯೋ?" ಎಂದು ಬಾಯಿಬಿಟ್ಟು ಕೇಳಿದೆ. ಕೇಳಿದ ಮೇಲೆ ಯಾರಿಗೆ ಕೇಳಿದೆನೆಂದು ಹೊಳೆದು ಗ್ರೈಂಡರ್ ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತೆ. ಸಂಘಮಿತ್ರಾ ಚಹಾ ತಂದಿಟ್ಟು ಒಳಗೆ ಹೋದಳು. ಅಂದು ಸೀರೆಯ ಮಾತೂ ಎತ್ತಲಿಲ್ಲ.

ಇಂಡಿಯಿಂದ ಒಬ್ಬ ವೆಲ್ಡರನ್ನು ಕರೆಸಿ ಮತ್ತೆ ಜೋಡಿಸಿದ್ದಾಯಿತು. ಪುಣೆಯಿಂದ ಮೈ ಬಂತು. ಕೂಡಿಸಿದರೆ ಒಂದು ಕೂದಲೂ ಹೆಚ್ಚುಕಡಿಮೆ ಇಲ್ಲ! ಮಾತು ಕೊಟ್ಟಂತೆ ಜುಲ್ಫಿಕರ ಎಂಜಿನ್ ಕೂಡಿಸಿದ. ನೀಲಿ ಬಣ್ಣ ಹೊಡೆಸಿದೆ. ನಾನು ಅಂಗಳದಲ್ಲಿ ದಂಡನಾಯಕನಂತೆ ಓಡಾಡಿದೆ. "ನೋಡಿದೇನು? ತಮ್ಮನ ತಪ್ಪು ಒಪ್ಪ ಮಾಡಿದೆ!" ಎಂದು ದಿನಕ್ಕೆ ನಾಲ್ಕು ಸಲ ಅಂದೆ. ಈ ಮಾತನ್ನು ಈಗ ಬರೆಯುವಾಗ ಕೈ ತಡೆಯುತ್ತದೆ. ಆದರೆ ಅಂದದ್ದು ಅಂದದ್ದೇ.

ಜೂನ್ ಮೊದಲ ಐತವಾರ ಮುಂಜಾನೆ, ಆಲಮೇಲ ರಸ್ತೆಯಲ್ಲಿ ಮುಚ್ಚಿದ ಹತ್ತಿ ಜಿನ್ನಿಂಗ್ ಮಿಲ್ಲಿನ ಬಯಲು. ಚಿಗರಿಯನ್ನು ಟ್ರೇಲರಿನ ಮೇಲೆ ತಂದು ಇಳಿಸಿ ಮೇಲೊಂದು ಚಾದರ ಹೊದಿಸಿದ್ದೆವು. ಸಂಘಮಿತ್ರಾ ಸೌಂದರ್ಯಾಳನ್ನು ಬಸ್ ಸ್ಟ್ಯಾಂಡಿನಿಂದ ಅಲ್ಲಿಗೇ ಕರೆತಂದಳು. ನಾನು ಚಾದರ ಎಳೆದೆ.

ನನ್ನ ಲೆಕ್ಕದಂತೆಯೇ ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಕಾರಿನ ಸುತ್ತ ಎರಡು ಸುತ್ತು ಬಂದಳು. ಮೂತಿಯ ಮೇಲೆ ಕೈಯಾಡಿಸಿದಳು. ಕಣ್ಣು ತುಂಬಿತ್ತು, ಆದರೆ ನಗುತ್ತಿದ್ದಳು. ಐದು ತಿಂಗಳಲ್ಲಿ ಅವಳು ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

"ಭಾವಾರ, ಮೊದಲ ನೀವ ಕೂಡ್ರಿ. ಎಡಗಡೆ."

"ನಾ ಯಾಕವಾ? ನಿಂದು ಕಾರು, ನೀ ಕೂಡು."

"ಇಲ್ರಿ, ಮೊದಲ ನೀವ ಕೂಡಬೇಕು. ಅವರು ಹಂಗ ಹೇಳಿದ್ರು."

ಇಷ್ಟು ಗೌರವ ಸಿಕ್ಕ ಮೇಲೆ ಬಿಡುವುದುಂಟೆ? ಬಾಗಿಲಿಲ್ಲದ ಕಾರು. ಒಂದು ಕಾಲು ಎತ್ತಿ ಒಳಗಿಟ್ಟೆ, ಇನ್ನೊಂದನ್ನು ಜುಲ್ಫಿಕರ ಎತ್ತಿ ಇಟ್ಟ. ಮೆಲ್ಲಗೆ ಇಳಿಯತೊಡಗಿದೆ. ಅರ್ಧಕ್ಕೆ ಬಂದೆ, ನಿಂತೆ. ಕೆಳಗೆ ಹೋಗಲೊಲ್ಲೆ. ಉಸಿರು ಬಿಗಿಹಿಡಿದು ಒತ್ತಿದೆ. ಎಲ್ಲೋ ಚರ್ರ್ ಎಂದಿತು! ಪ್ಯಾಂಟು. ಮೇಲೆದ್ದರಾಯಿತೆಂದು ಏಳಹೋದರೆ ಮೇಲಕ್ಕೂ ಬರಲೊಲ್ಲೆ! ನೂರಾ ಎಂಟು ಕಿಲೋದ ಡ್ರಾಯಿಂಗ್ ಮಾಸ್ತರ ಹದಿನೆಂಟು ಇಂಚಿನ ಸೀಟಿನಲ್ಲಿ ಬಾಟಲಿಗೆ ಬಿರಡೆ ಹೊಡೆದಂತೆ ಕುಳಿತುಬಿಟ್ಟ.

ಸಂಘಮಿತ್ರಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಜುಲ್ಫಿಕರ ಅತ್ತ ತಿರುಗಿ ನಕ್ಕ. ನಾನೂ ನಕ್ಕೆ, ನಕ್ಕಷ್ಟೂ ಇನ್ನಷ್ಟು ಬಿಗಿಯಾಯಿತು. ನಗದೆ ನಿಂತವಳು ಸೌಂದರ್ಯಾ ಒಬ್ಬಳೇ. ಅವಳು ಬಂದು ನನ್ನ ಪಕ್ಕದ ತಗಡಿನ ಮೇಲೆ ಗೇಣು ಹಾಕಿ ಅಳೆದಳು. ಇನ್ನೊಮ್ಮೆ ಅಳೆದಳು.

"ಭಾವಾರ, ಇಲ್ಲಿ ನಾಕ ಇಂಚು ಇತ್ತಲ್ರಿ. ಎಲ್ಲಿ ಹೋತು?"

"ಅದು… ಅಳತಿ ತಪ್ಪಿತ್ತವಾ. ಯಾವ ನಮೂನಿಗೂ ಕೂಡ್ತಿದ್ದಿಲ್ಲ. ಕಡದು ಸರಿ ಮಾಡಿಸಿದೆ."

ಅವಳು ಕಾರಿಗೆ ಕೈಕೊಟ್ಟು ನಿಂತಳು. ಮೆಲ್ಲಗೆ ಮಾತಾಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

"ತಪ್ಪಿದ್ದಿಲ್ರಿ. ಒಂದನೇ ನಮೂನಿದಾಗ ಅಣ್ಣ ಕೂಡೂದಿಲ್ಲ ಅಂದ್ರು. ಎರಡನೇದು ಮಾಡ್ರಿ ಮತ್ತ, ಅಂದೆ. ಅದ್ರಾಗೂ ಅಣ್ಣಗ ಇಕ್ಕಟ್ಟ ಆಕ್ಕೈತಿ, ನನಗ ಸುಮ್ಮನ ಜಾಗ ಹೆಚ್ಚ ಆಕ್ಕೈತಿ ಅಂದ್ರು. ಅದಕ್ಕ ಬಲಗಡೆ ತಮಗ ಒಂದನೇ ನಮೂನಿ ಇಟ್ಕೊಂಡು ಎಡಗಡೆ ನಾಕ ಇಂಚು ಬಿಟ್ರು. ಮ್ಯಾಲಿನ ತಗಡ ನಾನ ಬಡದು ಮಾಡ್ತೇನಿ ಅಂತಿದ್ರು. ಪೈಪಿನ ಮ್ಯಾಲ 'ಅ' ಅಂತ ಬರದಿದ್ದಿಲ್ಲೇನ್ರಿ? 'ಅ' ಅಂದ್ರ ಅಣ್ಣ."

ನನಗೆ ಎದ್ದು ಎಲ್ಲಿಗಾದರೂ ಹೋಗಬೇಕೆನಿಸಿತು. ಏಳಲಾಗಲಿಲ್ಲ. ಯಾರಾದರೂ ಬೈದಾಗ ಮನುಷ್ಯ ಎದ್ದು ಹೋಗಬಹುದು, ಕಿಟಕಿಯ ಕಡೆ ತಿರುಗಬಹುದು, ನೀರು ಕುಡಿಯಬಹುದು. ನನಗೆ ಅದು ಯಾವುದೂ ಇರಲಿಲ್ಲ. ನಾನೇ ಕಡಿದ ಜಾಗದಲ್ಲಿ ನಾನೇ ಸಿಕ್ಕಿಕೊಂಡು ಪೂರ್ತಿ ಕೇಳಬೇಕಾಯಿತು.

"ನನ್ನ ಅಳತಿ ಅಂವಗ ಹೆಂಗ ಗೊತ್ತವಾ? ನಾ ಒಮ್ಮೆನೂ ಬಂದು ಕುಂತಿದ್ದಿಲ್ಲ."

"ಎಷ್ಟ ಕರದ್ರೂ ನೀವು ಬರ್ಲಿಲ್ಲಲ್ರಿ. ಅದಕ್ಕ ಬಜಾರದಾಗ ನಿಮ್ಮ ಟೇಲರ್ ಕಡೆ ಹೋಗಿ ಪ್ಯಾಂಟಿನ ಅಳತಿ ಬರಕೊಂಡ ಬಂದಿದ್ರು. ದೀಪಾವಳಿಗೆ ಇನ್ನ ಒಂದಿಂಚು ಹೆಚ್ಚ ಆಗ್ತಾನ ಅಂತ ಅದನ್ನೂ ಸೇರ್ಸಿದ್ರು."

ಜುಲ್ಫಿಕರನ ನಗು ಯಾವಾಗಲೋ ನಿಂತಿತ್ತು. ಅವನು ನನ್ನ ಒಂದು ರಟ್ಟೆ ಹಿಡಿದ, ಸಂಘಮಿತ್ರಾ ಇನ್ನೊಂದು. ಸೌಂದರ್ಯಾ ಹಿಂದಿನಿಂದ ಕಂಕುಳಿಗೆ ಕೈಕೊಟ್ಟಳು. ಮೂವರೂ ಎಳೆದರು. ಎರಡು ಗುಂಡಿ, ಒಂದು ಬೆಲ್ಟು, ಪ್ಯಾಂಟಿನ ಹಿಂಭಾಗ ಇಷ್ಟನ್ನೂ ಚಿಗರಿಗೆ ಅರ್ಪಿಸಿ ಹೊರಗೆ ಬಂದೆ. ಹೊದಿಸಿದ್ದ ಚಾದರವನ್ನೇ ಸೊಂಟಕ್ಕೆ ಸುತ್ತಿಕೊಂಡು ಮಿಲ್ಲಿನ ಗೋಡೆಗೆ ಬೆನ್ನು ಹಚ್ಚಿ ನಿಂತೆ.

ಸೌಂದರ್ಯಾ ಬಲಗಡೆ ಇಳಿದು ಕುಳಿತಳು. ಗಂಡ ತನಗೆಂದು ಇಟ್ಟುಕೊಂಡ ಸೀಟು, ಅವಳಿಗೂ ಸರಿಹೋಯಿತು. "ಬರ್ರಿ ಅಕ್ಕಾ" ಎಂದು ಸಂಘಮಿತ್ರಾಳನ್ನು ಎಡಗಡೆ ಕೂಡಿಸಿಕೊಂಡಳು. ಜುಲ್ಫಿಕರ ಬಾಗಿ ಗಿಯರು ತೋರಿಸಿದ. ಎಂಜಿನ್ ಕೆಮ್ಮಿತು, ಹತ್ತಿತು. ಮೊದಲ ಸುತ್ತು ಮೆಲ್ಲಗೆ, ಎರಡನೆಯದು ಜೋರಾಗಿ. ಮೂರನೆಯ ಸುತ್ತಿಗೆ ಸಂಘಮಿತ್ರಾ ಕಿರುಚುವುದೂ ಸೌಂದರ್ಯಾ ನಗುವುದೂ ಧೂಳಿನೊಳಗಿಂದ ಕೇಳಿಸಿತು. ನಾಲ್ಕನೆಯ ಸುತ್ತು ಮುಗಿಸಿ ನನ್ನ ಮುಂದೆ ತಂದು ನಿಲ್ಲಿಸಿದಳು.

ನಾನು ಚಾದರ ಬಿಗಿಹಿಡಿದುಕೊಂಡು ಎರಡು ಹೆಜ್ಜೆ ಮುಂದೆ ಬಂದೆ.

"ಸೌಂದರ್ಯಾ, ಒಂದ ತಿಂಗಳ ಕೊಡವಾ. ಮತ್ತ ಕಡಿಸಿ ಆ ನಾಕ ಇಂಚು ತಿರುಗಿ ಹಚ್ಚಸ್ತೇನಿ. ಮೈ ಬ್ಯಾರೇದು ಮಾಡಸ್ತೇನಿ. ಇವತ್ತ ಪರಶು ಇದ್ದಿದ್ರ ನನಗ ಏನೇನ ಬೈತಿದ್ನೋ!"

ಅವಳು ಕೀ ತಿರುಗಿಸಿ ಎಂಜಿನ್ ಆರಿಸಿದಳು. ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

"ಬೈತಿದ್ದಿಲ್ರಿ ಭಾವಾರ. 'ಅಣ್ಣ ಡ್ರಾಯಿಂಗ್ ಮಾಸ್ತರ ಅದಾನ, ನಂದ ಅಳತಿ ತಪ್ಪಿರಬೇಕು' ಅಂತಿದ್ರು."